ನಾಲ್ಕಕ್ಕೆ ಹೋಗುವ ಮುಂಚೆ

ಶನಿವಾರ ರಾತ್ರಿಯ ಗೆಳೆಯರೇ,

ಕಳೆದ ವಾರ ಆಟ ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ನಾವು ಆಡುವ ‘ಏಜ್ ಆಫ್ ಎಂಪೈರ್ಸ್ 2’ ಬಿಟ್ಟು 4ಕ್ಕೆ ಹೋಗುವ ಮಾತನ್ನು ಮ್ಯೂನಿಕ್‌ನಲ್ಲಿರುವ ನೀನು ತೆಗೆದೆ. ಬೆಂಗಳೂರಿನ ಮೂವರೂ ದನಿಗೂಡಿಸಿದಿರಿ. ದುಬೈನಿಂದಲೂ ಹೂಂ ಎಂದಾಯಿತು. ಹೋಗೋಣ ಎಂದವರು ಐದು ಮಂದಿ, ಬೇಡ ಎಂದವರು ಡಲ್ಲಾಸ್‌ನವನು ಮತ್ತು ನಾನು. ಸಿರ್ಸಿಯವನು ಯಾವ ಕಡೆಗೂ ಸೇರಲಿಲ್ಲ. “ನೀವು ಹೋಗಿ ಮಾರಾಯ್ರೇ, ನಾ ನೋಡ್ತಾ ಕೂತ್ಕೊಳ್ತೆ” ಎಂದಷ್ಟೇ ಹೇಳಿ ಮೈಕ್ ಬಂದ್ ಮಾಡಿದ. ನನ್ನ ಕೈಯಲ್ಲಿ ಈ ಪತ್ರ ಬರೆಸುತ್ತಿರುವುದು ಆ ಮಾತು.

ಇದನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲೇ ಹಾಕಬಹುದಿತ್ತು. ಅಲ್ಲಿ ಯಾವ ಮಾತೂ ಎರಡು ಸಾಲಿಗಿಂತ ಮುಂದೆ ಹೋಗುವುದಿಲ್ಲ, ನನಗೆ ಹೇಳಬೇಕಾದದ್ದು ಬಹಳ ಇದೆ. ಅಲ್ಲದೆ ಹಾಸ್ಟೆಲ್ ಬಿಟ್ಟರೂ ಆಟ ಬಿಡದ ಗುಂಪು ನಮ್ಮದೊಂದೇ ಅಲ್ಲ. ಒಂದಲ್ಲ ಒಂದು ದಿನ ಅವರ ಮುಂದೆಯೂ ಇದೇ ಪ್ರಶ್ನೆ ಬಂದು ನಿಲ್ಲುತ್ತದೆ. ಅದಕ್ಕೇ ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಮಗೆ ಈ ಪ್ರಶ್ನೆ ಮೊದಲ ಸಲ ಬಂದದ್ದೇನೂ ಅಲ್ಲ. 2005ರ ಅಕ್ಟೋಬರ್‌ನಲ್ಲಿ ಮೂರನೆಯದು ಬಿಡುಗಡೆಯಾದಾಗ ದಾವಣಗೆರೆಯಲ್ಲಿ ನಾವು ಐದನೇ ಸೆಮಿಸ್ಟರ್‌ನಲ್ಲಿದ್ದೆವು. ಅದು ನಮ್ಮ ಕೈಗೆ ಸಿಕ್ಕಿದ್ದು ಸಂಕ್ರಾಂತಿ ಕಳೆದ ಮೇಲೆ. ಹಾಸ್ಟೆಲ್‌ನ ಎರಡನೇ ಮಹಡಿಯ ಕಾರಿಡಾರ್ ಉದ್ದಕ್ಕೂ ಎಳೆದಿದ್ದ ಕೇಬಲ್, ಮೂಲೆಯ ಕೋಣೆಯ ಕಿಟಕಿಯ ಮೇಲಿಟ್ಟಿದ್ದ ಎಂಟು ಕಿಂಡಿಯ ಸ್ವಿಚ್, ರಾತ್ರಿಯೆಲ್ಲ ಮಿಣುಕುತ್ತಿದ್ದ ಅದರ ಹಸಿರು ದೀಪಗಳು ನೆನಪಿವೆಯೇ? ಮೂರನೆಯದನ್ನು ಹಾಕಿದ ದಿನ ಅವುಗಳಲ್ಲಿ ಎರಡೇ ದೀಪ ಮಿಣುಕಿದವು. ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಎರಡೇ ಕಂಪ್ಯೂಟರ್‌ಗಳಲ್ಲಿ. ಎಂಟು ಮಂದಿಯ ಆಟ ಇಬ್ಬರ ಆಟವಾಗಿ, ಉಳಿದವರೆಲ್ಲ ಅವರ ಬೆನ್ನ ಹಿಂದೆ ನಿಂತು ನೋಡಿದೆವು. ಸಮುದ್ರದ ನೀರು ನಿಜವಾದ ನೀರಿನ ಹಾಗೆ ಹೊಳೆಯುತ್ತಿತ್ತು. ಫಿರಂಗಿ ಗುಂಡು ಬಿದ್ದರೆ ಗೋಡೆಯ ಚೂರುಗಳು ಉರುಳಿ ಬೀಳುತ್ತಿದ್ದವು. ಎಲ್ಲರೂ ಬಾಯಿ ತೆರೆದು ನೋಡಿದೆವು, ನಾನೂ ನೋಡಿದೆ.

ಒಂದು ತಿಂಗಳಾದ ಮೇಲೆ ಎರಡನೆಯದಕ್ಕೇ ವಾಪಸಾದೆವು. ಯಂತ್ರ ಸಾಲದೆ ವಾಪಸಾದೆವು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇವೆ. ಅದು ಪೂರ್ತಿ ನಿಜವಲ್ಲ. ಸರದಿ ಪ್ರಕಾರ ಎಲ್ಲರೂ ಆಡಿದ್ದೆವು, ಆಡಿಯೂ ಯಾರಿಗೂ ಹತ್ತಲಿಲ್ಲ. ಕಾರಣ ಏನೆಂದು ಬಹಳ ಯೋಚಿಸಿದ್ದೇನೆ. ಮೂರನೆಯದರಲ್ಲಿ ಕಟ್ಟಿಗೆ ಕಡಿಯುವ ವಿಲೇಜರ್ ಅದನ್ನು ಎಲ್ಲಿಗೂ ಹೊತ್ತುಕೊಂಡು ಹೋಗುವುದಿಲ್ಲ. ಕಡಿದದ್ದು ಕಡಿದಲ್ಲಿಂದಲೇ ಖಜಾನೆಗೆ ಸೇರುತ್ತದೆ. ಸಾಮಾನು ಸರಂಜಾಮು, ಸೈನ್ಯ ಕೂಡ ತವರುನಗರದಿಂದ ಬರುತ್ತದೆ. ಎರಡನೆಯದರಲ್ಲಿ ಹಾಗಲ್ಲ. ಮರಕ್ಕೂ ಲಂಬರ್ ಕ್ಯಾಂಪಿಗೂ ನಡುವೆ ನಾಲ್ಕು ಹೆಜ್ಜೆ ಹೆಚ್ಚಾದರೆ ಇಡೀ ಆಟ ಹಿಂದೆ ಬೀಳುತ್ತದೆ. ಒಬ್ಬ ವಿಲೇಜರ್ ಹುಟ್ಟಲು 50 ಆಹಾರ ಬೇಕು, ಆಟದ ಗಡಿಯಾರದಲ್ಲಿ 25 ಸೆಕೆಂಡು ಬೇಕು. ಟೌನ್ ಸೆಂಟರ್ ಒಂದು ಕ್ಷಣ ಖಾಲಿ ಕೂತರೂ ಅದರ ನಷ್ಟ ಅರ್ಧ ಗಂಟೆಯ ನಂತರ ಯುದ್ಧಭೂಮಿಯಲ್ಲಿ ಕಾಣುತ್ತದೆ. ಕುರಿ ಮುಗಿಯುವ ಹೊತ್ತಿಗೆ ಕಾಡುಹಂದಿಗೆ ಬಾಣ ಬಿಟ್ಟು, ಅದು ಅಟ್ಟಿಸಿಕೊಂಡು ಬರುವ ಹಾಗೆ ಓಡಿ, ಟೌನ್ ಸೆಂಟರ್ ಕೆಳಗೆ ತಂದು ಕೆಡವಬೇಕು. ಅಷ್ಟು ಮಾಡಿದರೆ 340 ಆಹಾರ. ಓಡುವಾಗ ತಡವರಿಸಿದರೆ ವಿಲೇಜರನೂ ಹೋದ, ಆಹಾರವೂ ಹೋಯಿತು.

ನಾವು ಎರಡು ವರ್ಷ ಕಲಿತದ್ದೇ ಇದನ್ನು. ಮೂರನೆಯದು ಈ ಗೃಹಕೃತ್ಯವನ್ನು ಕಳೆದು ಆಟವನ್ನು ಹಗುರ ಮಾಡಿತು. ನಮ್ಮ ಕೈಚಳಕ ಇದ್ದದ್ದು ಆ ಗೃಹಕೃತ್ಯದಲ್ಲೇ. ಮೂರನೆಯದು ಕೆಟ್ಟ ಆಟ ಎಂದು ನಾನು ಯಾವತ್ತೂ ಹೇಳಿಲ್ಲ. ಅದು ಅದೇ ಹೆಸರಿಟ್ಟುಕೊಂಡ ಬೇರೆ ಆಟ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ನಾವು ಅದನ್ನು ಮುಂದಿನ ತರಗತಿ ಎಂದುಕೊಂಡೆವು, ಎರಡನೆಯದನ್ನು ಪಾಸಾದವರು ಮೂರನೆಯದರಲ್ಲಿ ಕೂರಬೇಕು ಎನ್ನುವ ಹಾಗೆ.

ನಮ್ಮ ಅಜ್ಜಿಯ ಮನೆಯ ಜಗಲಿಯಲ್ಲಿ ಚೌಕಾಬಾರದ ಮನೆಗಳನ್ನು ಕಲ್ಲಿನಲ್ಲೇ ಕೆತ್ತಿದ್ದರು. ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ. ನಾಲ್ಕು ಕವಡೆ ಬಿಟ್ಟು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಊರಿಂದ ಊರಿಗೆ ಒಂದೆರಡು ನಿಯಮ ಬದಲಾಗುತ್ತಿದ್ದವು. ಬೇಸಿಗೆಗೆ ಬಂದ ಸೊಸೆಯಂದಿರು ತಮ್ಮ ತವರಿನ ನಿಯಮ ತಂದರೆ ಅದನ್ನೂ ಆಡಿ ನೋಡುತ್ತಿದ್ದರು. ಆದರೆ ಚೌಕಾಬಾರ ಎರಡು ಬಂದಿದೆ, ಇನ್ನು ಹಳೆಯದನ್ನು ಬಿಡಿ ಎಂದು ಹೇಳುವವರು ಯಾರೂ ಇರಲಿಲ್ಲ. ಅದು ಯಾರ ಆಸ್ತಿಯೂ ಆಗಿರಲಿಲ್ಲವಲ್ಲ. ನಮ್ಮ ಆಟಕ್ಕೆ ಯಜಮಾನರಿದ್ದಾರೆ. ಅವರಿಗೆ ಹೊಸದು ಮಾರಬೇಕು, ಅದು ತಪ್ಪಲ್ಲ. ಅವರ ಮಾರಾಟದ ಪಂಚಾಂಗವನ್ನು ನಮ್ಮ ಶನಿವಾರಗಳ ಪಂಚಾಂಗ ಮಾಡಿಕೊಳ್ಳಬೇಕೇ ಎನ್ನುವುದಷ್ಟೇ ನನ್ನ ಪ್ರಶ್ನೆ.

ಯಜಮಾನರು ಎಂದೆ. ಈ ಆಟದ ಮಟ್ಟಿಗೆ ಆ ಮಾತೂ ಪೂರ್ತಿ ಸರಿಯಲ್ಲ. ಡಲ್ಲಾಸ್‌ನಲ್ಲಿರುವ ನಿನಗೆ ಇದು ಹೆಚ್ಚು ಹತ್ತಿರದ ಕಥೆ, ನಿನ್ನ ಊರಿನಲ್ಲೇ ನಡೆದದ್ದು. ಅಲ್ಲಿನ ಎನ್‌ಸೆಂಬಲ್ ಸ್ಟುಡಿಯೋಸ್ 1999ರ ಸೆಪ್ಟೆಂಬರ್‌ನಲ್ಲಿ ಎರಡನೆಯದನ್ನು ‘ದಿ ಏಜ್ ಆಫ್ ಕಿಂಗ್ಸ್’ ಎಂಬ ಹೆಸರಿನಲ್ಲಿ ತಂದಾಗ ಅದರಲ್ಲಿ 13 ನಾಗರಿಕತೆಗಳಿದ್ದವು. ಮರುವರ್ಷ ಅದರ ವಿಸ್ತರಣೆ ‘ದಿ ಕಾಂಕರರ್ಸ್’ ಬಂದು 18 ಆದವು. ನಾವು ಹಾಸ್ಟೆಲ್‌ನಲ್ಲಿ ಆಡಿದ್ದು ಅದನ್ನು. 2006ರಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ಝೋನ್‌ನಲ್ಲಿ ಇಂಥ ಸಿ.ಡಿ. ಆಟಗಳಿಗೆ ಬಾಗಿಲು ಹಾಕಿತು. 2009ರ ಜನವರಿಯಲ್ಲಿ ಎನ್‌ಸೆಂಬಲ್ ಸ್ಟುಡಿಯೋಸೇ ಮುಚ್ಚಿತು. ಆಡುವ ಅಂಗಳವೂ ಇಲ್ಲ, ಮಾಡಿದವರೂ ಇಲ್ಲ. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಆಡುವವರು ಬಿಡಲಿಲ್ಲ. ವೂಬ್ಲಿಯಂಥ ಆನ್‌ಲೈನ್ ತಾಣಗಳಲ್ಲಿ ಸೇರಿ ತಮ್ಮದೇ ಅಂಗಳ ಮಾಡಿಕೊಂಡರು. ಹೊಸ ಅಗಲದ ಪರದೆಗಳಿಗೆ ಹಳೆಯ ಆಟ ಹೊಂದುವಂತೆ ತೇಪೆ ಹಾಕಿದರು. 2012ರ ಕೊನೆಯಲ್ಲಿ ಅಭಿಮಾನಿಗಳ ಒಂದು ತಂಡ ‘ಫಾರ್ಗಾಟನ್ ಎಂಪೈರ್ಸ್’ ಎಂಬ ಹೆಸರಿನಲ್ಲಿ ಹೊಸ ನಾಗರಿಕತೆಗಳನ್ನು ಸೇರಿಸಿ ಪುಕ್ಕಟೆಯಾಗಿ ಹಂಚಿತು. ಮರುವರ್ಷ ಎಚ್‌ಡಿ ಆವೃತ್ತಿ ಬಂದಾಗ ಅದೇ ಕೆಲಸ ಅಧಿಕೃತ ವಿಸ್ತರಣೆಯಾಯಿತು. 2019ರ ನವೆಂಬರ್‌ನ ಡೆಫಿನಿಟಿವ್ ಎಡಿಷನ್ ಕಟ್ಟಿದ್ದೂ ಅದೇ ತಂಡ. ಆಟದ ಮೇಲಿನ ಪ್ರೀತಿಯಿಂದ ಅದನ್ನು ರಿಪೇರಿ ಮಾಡುತ್ತಿದ್ದವರೇ ಕೊನೆಗೆ ಅದರ ಕರ್ತೃಗಳಾದರು. 13ರಿಂದ ಶುರುವಾದ ನಾಗರಿಕತೆಗಳ ಲೆಕ್ಕ ಈಗ 40 ದಾಟಿದೆ.

ನಮ್ಮ ಕಾಲದ 18ರಲ್ಲಿ ಭಾರತ ಇರಲಿಲ್ಲ. ಆನೆ ಇದೆ ಎಂಬ ಒಂದೇ ಕಾರಣಕ್ಕೆ ನಾವು ಪರ್ಷಿಯನ್ನರನ್ನು ಆರಿಸುತ್ತಿದ್ದೆವು. 2013ರಲ್ಲಿ ಇಂಡಿಯನ್ಸ್ ಬಂದರು. 2022ರಲ್ಲಿ ಆ ಒಂದು ಹೆಸರು ಸಾಲದೆಂದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕಾಯಿತು. ದ್ರಾವಿಡರ ವಿಲೇಜರ್‌ಗಳು ತಮಿಳಿನಲ್ಲಿ ಓಗೊಟ್ಟ ಮೊದಲ ರಾತ್ರಿ ನಾವೆಲ್ಲ ಮಾತಿಲ್ಲದೆ ಕೂತಿದ್ದು ನೆನಪಿದೆ. ಕನ್ನಡವಲ್ಲ, ಪಕ್ಕದ ಮನೆಯ ಮಾತು. ಆದರೂ ಇಷ್ಟು ವರ್ಷ ಆಡಿದ ಆಟದೊಳಗಿಂದ ಯಾರೋ ನಮ್ಮ ಕಡೆ ತಿರುಗಿ ನೋಡಿದ ಹಾಗಾಯಿತು. ಇದು ನಡೆದದ್ದು ಮೂರನೆಯದು ಬಂದು 16 ವರ್ಷ ಕಳೆದ ಮೇಲೆ, ನಾಲ್ಕನೆಯದು ಬಂದ ಮರುವರ್ಷ. ಮುಂದಿನ ಭಾಗ ಬಂದ ಕೂಡಲೇ ಎಲ್ಲರೂ ಎದ್ದು ಹೋಗಿದ್ದರೆ ಇದರಲ್ಲಿ ಯಾವುದೂ ನಡೆಯುತ್ತಿರಲಿಲ್ಲ.

ಎಲ್ಲರೂ ಎದ್ದು ಹೋದರೆ ಏನಾಗುತ್ತದೆ ಎನ್ನುವುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ‘ಸ್ಟಾರ್‌ಕ್ರಾಫ್ಟ್’ 1998ರ ಆಟ. ಅದೇ ವರ್ಷ ಬಂದ ‘ಬ್ರೂಡ್ ವಾರ್’ ಸೇರಿ ಅಲ್ಲಿ ಅದು ಟಿ.ವಿ.ಯಲ್ಲಿ ನೇರಪ್ರಸಾರವಾಗುವ, ಸಂಬಳದ ಆಟಗಾರರಿರುವ ಕ್ರೀಡೆಯಾಯಿತು. 2010ರಲ್ಲಿ ಎರಡನೆಯದು ಬಂತು. 2012ರಲ್ಲಿ ದೊಡ್ಡ ಲೀಗುಗಳು, ತಂಡಗಳು, ಆಟಗಾರರು ಹೆಚ್ಚುಕಡಿಮೆ ಎಲ್ಲರೂ ಹೊಸದಕ್ಕೆ ದಾಟಿದರು. ನಾಲ್ಕು ವರ್ಷದಲ್ಲಿ, 2016ರಲ್ಲಿ, ಹೊಸ ಆಟದ ತಂಡಗಳ ಪ್ರೋಲೀಗ್ ನಿಂತುಹೋಯಿತು. ಅದೇ ವರ್ಷ ಹಳೆಯ ಆಟಕ್ಕೆ ಅಫ್ರೀಕಾ ಟಿ.ವಿ. ಎಂಬ ಜಾಲತಾಣದವರ ಲೀಗ್ ಶುರುವಾಯಿತು. ಫ್ಲಾಶ್ ಎಂಬ ಹೆಸರಿನಲ್ಲಿ ಆಡುವ ಲೀ ಯಂಗ್-ಹೋ ಹೊಸದನ್ನು ಬಿಟ್ಟು ಹಳೆಯದಕ್ಕೆ ಮರಳಿ, ಆ ಲೀಗನ್ನು ಸಾಲಾಗಿ ಮೂರು ಸಲ ಗೆದ್ದ. 2017ರಲ್ಲಿ ಆಟ ಮಾಡಿದ ಕಂಪನಿಯೇ ಹಳೆಯದನ್ನು ಹೊಸ ಚಿತ್ರಗಳೊಂದಿಗೆ ಮತ್ತೆ ಹೊರತಂದಿತು. ಹೊಸ ಆಟ ಸೋಲಲು ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಹಳೆಯದರ ಮಹಿಮೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮರಳಿ ಬರಲು ಹಳೆಯ ಅಂಗಳದಲ್ಲಿ ಯಾರಾದರೂ ದೀಪ ಹಚ್ಚಿಟ್ಟಿರಬೇಕು. ಅಲ್ಲಿ ಒಂದಷ್ಟು ಜನ ಆ ನಾಲ್ಕು ವರ್ಷವೂ ಹಚ್ಚಿಟ್ಟಿದ್ದರು.

ಇನ್ನು ನಾಲ್ಕನೆಯದರ ಮಾತು. ನಾನು ಅದನ್ನು ಆಡಿ ನೋಡದೆ ಬರೆಯುತ್ತಿಲ್ಲ. ಬೆಂಗಳೂರಿಗೆ ಬಂದಾಗ ನಿಮ್ಮ ಮನೆಯಲ್ಲೇ ಎರಡು ರಾತ್ರಿ ಕೂತು ಆಡಿದ್ದೇನೆ. 2021ರ ಅಕ್ಟೋಬರ್‌ನಲ್ಲಿ ಕೆನಡಾದ ರೆಲಿಕ್ ಸಂಸ್ಥೆ ಅದನ್ನು ತಂದಾಗ ನಾಗರಿಕತೆಗಳು ಎಂಟೇ, ಆದರೆ ಎಂಟೂ ಎಂಟು ತರಹ. ಎರಡನೆಯದರಲ್ಲಿ ಎಲ್ಲರ ಮೂಲ ಒಂದೇ, ಮೇಲಿನ ಕವಲುಗಳಷ್ಟೇ ಬೇರೆ. ನಾಲ್ಕನೆಯದರಲ್ಲಿ ಮಂಗೋಲರು ತಮ್ಮ ಕಟ್ಟಡಗಳನ್ನೇ ಗಾಡಿಗೆ ಹೇರಿಕೊಂಡು ಬೇರೆ ಕಡೆ ಬಿಡಾರ ಹೂಡುತ್ತಾರೆ. ದಿಲ್ಲಿ ಸುಲ್ತಾನರಿಗೆ ವಿದ್ಯೆಗೆ ಖರ್ಚೇ ಇಲ್ಲ, ಕಾಯುವ ತಾಳ್ಮೆ ಬೇಕು. ಮಸೀದಿಯಲ್ಲಿ ವಿದ್ವಾಂಸರನ್ನು ಕೂರಿಸಿದಷ್ಟೂ ಅದು ಬೇಗ ಕೈಗೂಡುತ್ತದೆ. ಯುಗ ದಾಟಿದ ಹಾಗೆ ಇಂಗ್ಲಿಷ್ ಸೈನಿಕರ ಮಾತು ಕೂಡ ಹಳೆಯ ಇಂಗ್ಲಿಷ್‌ನಿಂದ ಹೊಸದರ ಕಡೆಗೆ ಬದಲಾಗುತ್ತದೆ. ಇಂಥದ್ದೊಂದು ಆಟದಲ್ಲಿ ಹಳಗನ್ನಡದಿಂದ ಹೊಸಗನ್ನಡಕ್ಕೆ ಬರುವ ಸೈನಿಕರಿದ್ದರೆ ಹೇಗಿರುತ್ತಿತ್ತು ಎಂದು ಆ ರಾತ್ರಿ ಎಷ್ಟೋ ಹೊತ್ತು ಯೋಚಿಸುತ್ತಾ ಮಲಗಿದ್ದೆ. ಬಹಳ ಒಳ್ಳೆಯ ಆಟ ಅದು. ಅದರ ಬಗ್ಗೆ ಹಗುರವಾಗಿ ಮಾತಾಡಿದ್ದರೆ ಆ ಮಾತನ್ನು ಇಲ್ಲಿ ಹಿಂದೆ ತೆಗೆದುಕೊಳ್ಳುತ್ತೇನೆ.

ಆದ್ದರಿಂದ ನನ್ನ ವಾದ ಹಳೆಯದು ಮೇಲು, ಹೊಸದು ಕೀಳು ಎಂಬುದಲ್ಲ. ದುಬೈನಲ್ಲಿರುವ ನೀನು ಆ ದಿನ ಹೇಳಿದ ಒಂದು ಮಾತಿಗೆ ನಾನು ಉತ್ತರ ಕೊಡಬೇಕಿದೆ. “ನೀವು ಆಟ ಆಡ್ತಾ ಇಲ್ಲ, ಹಾಸ್ಟೆಲ್ ಆಡ್ತಾ ಇದ್ದೀರಿ” ಎಂದೆ. ಉಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಮಾತು ನಾಟಿತು.

ನೀನು ನಮ್ಮದೇ ಬ್ಯಾಚ್. ಆದರೆ ಆ ಕೇಬಲ್ ಲೇಡೀಸ್ ಹಾಸ್ಟೆಲ್‌ವರೆಗೆ ಬರಲೇ ಇಲ್ಲ. ನೀನು ಈ ಆಟ ಕಲಿತದ್ದು 2013ರಲ್ಲಿ, ಎಚ್‌ಡಿ ಬಂದ ಮೇಲೆ, ದುಬೈನ ಫ್ಲಾಟಿನಲ್ಲಿ ಒಬ್ಬಳೇ ಕೂತು. ನಿನಗೆ ಆ ಹಸಿರು ದೀಪಗಳ ನೆನಪಿಲ್ಲ, ಮೆಸ್ಸಿನ ಚಿತ್ರಾನ್ನದ ನೆನಪು ಈ ಆಟಕ್ಕೆ ಅಂಟಿಕೊಂಡಿಲ್ಲ. ನೀನು ಆಟವನ್ನು ಆಟವಾಗಿಯೇ ನೋಡಿದವಳು. ಅದಕ್ಕೇ ಇವತ್ತು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತೀಯ. ನಾವೋ 20 ವರ್ಷದಿಂದ ಬ್ಲ್ಯಾಕ್ ಫಾರೆಸ್ಟ್ ಮ್ಯಾಪು ಬಿಟ್ಟು ಕದಲಿಲ್ಲ. ಸುತ್ತ ದಟ್ಟ ಕಾಡು, ಒಳಬರಲು ಒಂದೆರಡು ಕಿರುದಾರಿ, ಅದಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆ, ಮೊದಲ 20 ನಿಮಿಷ ಯಾರೂ ಯಾರ ಮೇಲೂ ಬೀಳಬಾರದೆಂಬ ಒಪ್ಪಂದ. ಕೊನೆಗೆ ಸೀಜ್ ಆನೇಜರ್ ತಂದು ಮರಗಳನ್ನೇ ಒಡೆದು ದಾರಿ ಮಾಡುವವನು ಯಾರು, ಗೋಡೆಯ ಹಿಂದೆ ಐದು ಕ್ಯಾಸಲ್ ಕಟ್ಟಿ ಕೂರುವವನು ಯಾರು ಎನ್ನುವುದು ಲಾಬಿ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತು.

ಅದೇ ಹೊತ್ತಿಗೆ ಹೊರಗೆ ಈ ಆಟ ಎಲ್ಲೆಲ್ಲಿಗೋ ಹೋಗಿದೆ. ಜಿಂಕೆಗಳನ್ನು ಸ್ಕೌಟ್ ಕುದುರೆಯಿಂದ ಒಂದೊಂದೇ ಹೆಜ್ಜೆ ತಳ್ಳಿಕೊಂಡು ಟೌನ್ ಸೆಂಟರ್‌ವರೆಗೆ ತರಬಹುದು ಎನ್ನುವುದು ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಇವತ್ತು ಅದನ್ನು ಮಾಡದ ಒಳ್ಳೆಯ ಆಟಗಾರ ಇಲ್ಲ. ಕುದುರೆ ಸವಾರರು ನುಗ್ಗಿದ ಕ್ಷಣದಲ್ಲಿ ಒಂದೊಂದು ಚೌಕದ ಗೋಡೆ ಎಬ್ಬಿಸಿ ಅವರನ್ನು ಒಳಗೇ ಸಿಕ್ಕಿಸುವುದು, ಹತ್ತನೇ ನಿಮಿಷಕ್ಕೇ ಎದುರಾಳಿಯ ಕಟ್ಟಿಗೆಗೆ ಕೈ ಹಾಕುವುದು, ಒಬ್ಬ ಸನ್ಯಾಸಿಯನ್ನು ಉಳಿಸಿಕೊಂಡು ಇಡೀ ದಾಳಿಯನ್ನು ತಿರುಗಿಸುವುದು. ನಿಯಮಗಳು ಹೆಚ್ಚು ಕಡಿಮೆ ಅವೇ. ಈಟಿಯವನು ಕುದುರೆಗೆ ಮದ್ದು, ಬಾಣದವನು ಈಟಿಯವನಿಗೆ ಮದ್ದು, ಸ್ಕರ್ಮಿಷರ್ ಬಾಣದವನಿಗೆ ಮದ್ದು. ಆ ನಿಯಮಗಳೊಳಗೆ ಇಷ್ಟು ಜಾಗ ಇತ್ತೆಂದು ತೋರಿಸಿದವರು, ಬೇರೆ ಆಟ ಬಂದರೂ ಇದನ್ನೇ ಅಗೆಯುತ್ತಾ ಕೂತವರು. ನಾವು ಅವರಲ್ಲಿ ಇರಲಿಲ್ಲ. ನಾವು ಉಳಿದೆವು, ಆದರೆ ಅಗೆಯಲಿಲ್ಲ.

ನಿನ್ನ ಮಾತು ನನಗೆ ಕಾಣಿಸಿದ್ದು ಇದನ್ನು. ನಿನಗೆ ಬೇಸರ ತಂದದ್ದು ಈ ಆಟವಲ್ಲ, ಇದನ್ನು ನಾವು ಆಡುವ ರೀತಿ. ಇದೇ ರೀತಿಯನ್ನು ಹೊತ್ತುಕೊಂಡು ಎಂಟೂ ಮಂದಿ ನಾಲ್ಕನೆಯದಕ್ಕೆ ಹೋದರೆ ಆರು ತಿಂಗಳಲ್ಲಿ ಅಲ್ಲೂ ಒಂದು ಬ್ಲ್ಯಾಕ್ ಫಾರೆಸ್ಟ್ ಕಟ್ಟಿಕೊಂಡು ಕೂರುತ್ತೇವೆ. ನನ್ನ ಭಯ ಅದು. ಹೊಸ ಆಟ ನಮ್ಮನ್ನು ಹೊಸಬರನ್ನಾಗಿ ಮಾಡುವುದು ಮೊದಲ ಕೆಲವು ವಾರ ಮಾತ್ರ.

ಈಗ ಸಿರ್ಸಿಯವನ ಮಾತು. ಅವನ ಲ್ಯಾಪ್‌ಟಾಪಿನಲ್ಲಿ ಇರುವುದು 4 ಜಿಬಿ ರ‍್ಯಾಮ್. ನಾಲ್ಕನೆಯದು ಕನಿಷ್ಠ 8 ಕೇಳುತ್ತದೆ. ಎರಡನೆಯದು ಅದರಲ್ಲಿ ಚಿತ್ರಗಳ ಗುಣಮಟ್ಟವನ್ನು ತೀರ ಕೆಳಗಿಳಿಸಿದರೆ ಓಡುತ್ತದೆ, ಎಂಟು ಮಂದಿಯ ಸೈನ್ಯಗಳು ಒಟ್ಟಿಗೆ ಸೇರಿದಾಗ ಏದುಸಿರು ಬಿಡುತ್ತದೆ. ಎಲ್ಲರೂ ಸೇರಿ ಹಣ ಹಾಕಿ ಹೊಸದೊಂದು ಕೊಡಿಸೋಣ ಎಂದು ನಿಮ್ಮಲ್ಲಿ ಯಾರಾದರೂ ಹೇಳುತ್ತೀರಿ. ಎರಡು ವರ್ಷದ ಹಿಂದೆ ನಾನೇ ಹೇಳಿ ನೋಡಿದ್ದೇನೆ. ಅವನು ವಿಷಯ ಬದಲಿಸಿ ಅಡಿಕೆಗೆ ಬಂದ ಎಲೆಚುಕ್ಕಿ ರೋಗದ ಬಗ್ಗೆ ಮಾತಾಡಿದ. ಮತ್ತೆ ಆ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ತೋಟದ ಕೆಲಸ ಮುಗಿಸಿ, ಅಪ್ಪನಿಗೆ ಮಾತ್ರೆ ಕೊಟ್ಟು ಮಲಗಿಸಿ, ಒಂಬತ್ತೂವರೆಗೆ ಬಂದು ಕೂರುವ ಅವನಿಗೆ ವಾರದಲ್ಲಿ ನಮ್ಮ ಜೊತೆ ಇರುವುದು ಅದೊಂದೇ ಹೊತ್ತು. ನಾವೆಲ್ಲ ಊರು ಬಿಟ್ಟಾಗ ಊರಿನಲ್ಲಿ ಉಳಿದವನು ಅವನು. 2006ರಲ್ಲಿ ಎರಡೇ ದೀಪ ಮಿಣುಕಿದಾಗ ಆರು ಮಂದಿ ಬೆನ್ನ ಹಿಂದೆ ನಿಂತೆವು, ನಿಂತು ಒಂದು ತಿಂಗಳಿಗೇ ಬೇಡವೆಂದೆವು. ಈಗ ಏಳು ದೀಪ ಮಿಣುಕಿ ಒಂದು ಮಾತ್ರ ಆರುವುದಾದರೆ, ನಿಲ್ಲುವವನು ಅವನೊಬ್ಬನೇ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಶನಿವಾರ ಎರಡನೆಯದಕ್ಕೇ ಇರಲಿ. ಆದರೆ ಹಳೆಯ ಹಾಗಲ್ಲ. ಮೂರು ತಿಂಗಳು ಬ್ಲ್ಯಾಕ್ ಫಾರೆಸ್ಟ್ ಬೇಡ, 20 ನಿಮಿಷದ ಒಪ್ಪಂದ ಬೇಡ. ನಾಗರಿಕತೆಯನ್ನು ಚೀಟಿ ಎತ್ತಿದ ಹಾಗೆ ಆಟವೇ ಆರಿಸಿ ಕೊಡಲಿ. ಆನೆಯನ್ನೇ ನಂಬಿದವನಿಗೆ ಮಾಯನ್ನರು ಬಂದು ಕುದುರೆಯೂ ಇಲ್ಲದೆ ಆಡಬೇಕಾಗಿ ಬರಲಿ. ಅರೇಬಿಯಾದಂಥ ಬಯಲು ಮ್ಯಾಪುಗಳಲ್ಲಿ ಆಡೋಣ. ಯಾರ ಹೊಲಕ್ಕೆ ಯಾವಾಗ ಯಾರು ನುಗ್ಗುತ್ತಾರೋ ಗೊತ್ತಿರುವುದಿಲ್ಲ, ಪಕ್ಕದವನನ್ನು ಕೂಗಿ ಕರೆಯಲೇಬೇಕಾಗುತ್ತದೆ. ಮ್ಯಾಪ್ ಆರಿಸುವ ಹಕ್ಕು ಪೂರ್ತಿಯಾಗಿ ದುಬೈಗೆ. ಜಿಂಕೆ ತಳ್ಳುವುದನ್ನು ಮೊದಲ ವಾರ ನೀನೇ ನಮಗೆ ಕಲಿಸು. ನಾಲ್ಕನೆಯದು ಬೇಕೆನ್ನುವವರು ಬುಧವಾರ ಸೇರಿ. ನಾನೂ ಕೊಂಡುಕೊಂಡು ಬುಧವಾರ ಬರುತ್ತೇನೆ, ದಿಲ್ಲಿ ಸುಲ್ತಾನರನ್ನು ನನಗೆ ಬಿಡಿ. ಮೂರು ತಿಂಗಳ ನಂತರವೂ ಶನಿವಾರ ಸಪ್ಪೆ ಎನಿಸಿದರೆ ಮತ್ತೆ ಕೈ ಎತ್ತೋಣ. ಆಗ ನನ್ನ ಕೈ ಯಾವ ಕಡೆ ಹೋಗುತ್ತದೋ ನನಗೂ ಗೊತ್ತಿಲ್ಲ.

ಈ ವಾರ ಒಂಬತ್ತೂವರೆಗೆ ಲಾಬಿ ತೆರೆದಿರುತ್ತೇನೆ, ಎಂಟು ಜಾಗ. ಘಟ್ಟದ ಮೇಲೆ ಮಳೆ ಹಿಡಿದಿದೆಯಂತೆ, ಸಿರ್ಸಿಯಲ್ಲಿ ಕರೆಂಟು ಇರುತ್ತಿಲ್ಲ. ನಡುವೆ ಅವನ ಲೈನ್ ಹೋದರೆ ಯಾರೂ ಆಟ ಬಿಡಬೇಡಿ. ಸೇವ್ ಮಾಡಿಟ್ಟಿರುತ್ತೇನೆ, ಅವನು ಬಂದ ಮೇಲೆ ನಿಂತಲ್ಲಿಂದ ಶುರು ಮಾಡೋಣ.

ನಿಮ್ಮವನು,
ಹುಬ್ಬಳ್ಳಿಯಿಂದ